ಕುರಿಯಿಲ್ಲದ ಊರಲ್ಲಿ ಕುರಿನಾಯಿ

ಇವತ್ತು ವಿಧಾನಸೌಧ ಬೇಡ, ರೆಸಾರ್ಟೂ ಬೇಡ. ಒಂದು ನಾಯಿಯ ವಿಷಯ ಮಾತಾಡ್ತೀನಿ. ನಾಯಿ ಅಂದ ತಕ್ಷಣ ರಿಮೋಟ್ ಹುಡುಕಬೇಡಿ. ಬೀದಿನಾಯಿ ಇರಬೇಕೋ ಬೇಡವೋ ಅನ್ನೋ ಜಗಳಕ್ಕೆ ನಾನು ಬರ್ತಾ ಇಲ್ಲ. ಹತ್ತಾರು ಸಾವಿರ ಕೊಟ್ಟು ತಂದು, ವರ್ಷ ತುಂಬೋ ಮೊದಲೇ ಬೀದಿಗೆ ಬಿಟ್ಟ ನಾಯಿಯ ಕಥೆ ಇದು.

ಕನಕಪುರ ರಸ್ತೆ ಕಡೆ ಒಂದು ಹೊಸ ಬಡಾವಣೆ. ಖಾಲಿ ಸೈಟುಗಳ ನಡುವೆ ಕಪ್ಪು ಬಿಳುಪು ಬಣ್ಣದ ಹೆಣ್ಣುನಾಯಿಯೊಂದು ಮೂರು ದಿನದಿಂದ ಓಡಾಡ್ತಿತ್ತು. ಹೋಗೋ ಬರೋ ಬೈಕುಗಳಿಗೆ ಅರ್ಧಚಂದ್ರಾಕಾರದಲ್ಲಿ ಸುತ್ತು ಹಾಕ್ತಿತ್ತು. ಕೊರಳಲ್ಲಿ ಬೆಲ್ಟಿನ ಗುರುತಿತ್ತು, ಬೆಲ್ಟ್ ಇರಲಿಲ್ಲ. ಇಂಥ ನಾಯಿಗಳನ್ನ ಕಾಪಾಡುವ ಹೆಣ್ಣುಮಗಳೊಬ್ಬರು ಅದನ್ನ ಹಿಡಿದು, ಹೊಸ ಮನೆ ಸಿಗೋವರೆಗೆ ಇಟ್ಕೊಳ್ಳಿ ಅಂತ ನಮ್ಮ ಮನೆಗೆ ತಂದುಬಿಟ್ಟರು. ಇದಕ್ಕೆ ಫಾಸ್ಟರಿಂಗ್ ಅಂತಾರೆ. ನಮ್ಮದಲ್ಲದ ನಾಯಿಯನ್ನ ನಮ್ಮದೇ ಅನ್ನೋ ಹಾಗೆ ಸಾಕಿ, ಆಮೇಲೆ ಇನ್ನೊಬ್ಬರ ಕೈಗೆ ಕೊಟ್ಟುಬಿಡೋದು. ನಮ್ಮ ಮನೇಲಿ ಅವಳಿಗೆ ಬೆಳ್ಳಿ ಅಂತ ಹೆಸರಿಟ್ಟೆವು.

ಪಶುವೈದ್ಯರು ನೋಡಿದ ಕೂಡಲೇ ಬಾರ್ಡರ್ ಕಾಲಿ ಅಂದರು. ಮೈಕ್ರೋಚಿಪ್ ಇದೆಯಾ ಅಂತ ಸ್ಕ್ಯಾನ್ ಮಾಡಿದರು, ಇರಲಿಲ್ಲ. ಬಾರ್ಡರ್ ಅಂದ್ರೆ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ನಡುವಿನ ಗಡಿ. ಆ ಗುಡ್ಡಗಾಡಿನ ಕುರಿಗಾಹಿಗಳು ರೂಪಿಸಿದ ತಳಿ ಇದು. 1893ರಲ್ಲಿ ನಾರ್ತಂಬರ್ಲೆಂಡ್‌ನಲ್ಲಿ ಹುಟ್ಟಿದ ಓಲ್ಡ್ ಹೆಂಪ್ ಅನ್ನೋ ಗಂಡುನಾಯಿಯನ್ನ ಈ ತಳಿಯ ಮೂಲಪುರುಷ ಅಂತಲೇ ಹೇಳ್ತಾರೆ.

ಮನೆಗೆ ಬಂದ ಹಿರಿಯರೊಬ್ಬರು ಬೆಳ್ಳಿಯನ್ನ ನೋಡಿ, "ಓ, ಕುರಿ ಕಾಯೋ ನಾಯಿ" ಅಂದರು. ಅಲ್ಲೇ ನೋಡಿ ಗೊಂದಲ ಇರೋದು. ಕನ್ನಡದಲ್ಲಿ ಕಾಯೋದು ಅನ್ನೋ ಒಂದೇ ಮಾತಲ್ಲಿ ಎರಡು ಕೆಲಸ ಸೇರಿಕೊಂಡಿವೆ. ನಮ್ಮ ಬಯಲುಸೀಮೆಯ ಕುರುಬರ ಜೊತೆ ಇರೋ ನಾಯಿಗಳ ಮುಖ್ಯ ಕೆಲಸ ಕಾವಲು. ರಾತ್ರಿ ಹೊಲದಲ್ಲಿ ಮಂದೆ ನಿಲ್ಲಿಸಿದಾಗ ತೋಳ ಬಂದರೆ, ಕಳ್ಳ ಬಂದರೆ ಬೊಗಳಬೇಕು, ಎದುರು ನಿಲ್ಲಬೇಕು. ಮಂದೆಯನ್ನ ನಡೆಸೋದು ಕುರಿಗಾಹಿಯ ಕೂಗು, ಅವನ ಕೈಯ ಕೋಲು. ಬಾರ್ಡರ್ ಕಾಲಿ ಕಾವಲು ನಾಯಿ ಅಲ್ಲವೇ ಅಲ್ಲ. ಚದುರಿದ ಕುರಿಗಳನ್ನ ಸುತ್ತಿ ಬಂದು ಒಟ್ಟುಗೂಡಿಸಿ ಯಜಮಾನನ ಹತ್ತಿರ ತರೋದು ಅದರ ಕಸುಬು. ನೆಲಕ್ಕೆ ಹೊಟ್ಟೆ ತಾಗೋ ಹಾಗೆ ಬಾಗಿ, ಕಣ್ಣು ಕೀಳದೆ ದಿಟ್ಟಿಸುತ್ತೆ. ಆ ನೋಟಕ್ಕೇ ಕುರಿ ಜಾಗ ಬಿಡುತ್ತೆ. ಇದು ತೋಳ ಬೇಟೆಯಾಡೋ ರೀತಿಯೇ. ಹೊಂಚೋದು, ಅಟ್ಟೋದು ಉಳಿಸಿಕೊಂಡು, ಕೊಲ್ಲೋದನ್ನ ತಲೆಮಾರುಗಳ ಆಯ್ಕೆಯಲ್ಲಿ ತಗ್ಗಿಸಿದ್ದಾರೆ ಅಷ್ಟೆ.

ಈಗ ಇದನ್ನ ಮೂರನೇ ಮಹಡಿಯ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ತನ್ನಿ. ಅಲ್ಲಿ ಕುರಿ ಎಲ್ಲಿದೆ? ಓಡಾಡೋದು ಮಕ್ಕಳು. ಕಾರಿಡಾರಿನಲ್ಲಿ ಮಕ್ಕಳು ಕಿರುಚಿ ಓಡಿದರೆ ಬೆಳ್ಳಿ ಸುತ್ತು ಹಾಕಿ ಹಿಮ್ಮಡಿಗೆ ಬಾಯಿ ಹಾಕ್ತಾಳೆ. ರಕ್ತ ಬರೋ ಹಾಗಲ್ಲ, ಒಂದು ಚಿಟುಕು. ಆದರೆ ನಾಲ್ಕು ವರ್ಷದ ಮಗುವಿನ ತಾಯಿಗೆ ಆ ವ್ಯತ್ಯಾಸ ಹೇಳೋಕೆ ಹೋಗಿ ನೋಡೋಣ! ಆಕೆ ಹೆದರೋದು ಸರಿಯೇ. ಬೆಳ್ಳಿಯನ್ನ ಮೊದಲು ಸಾಕಿದವರು ಯಾಕೆ ಬಿಟ್ಟರು ಅಂತ ಕೇಳೋಕೆ ಅವರ ವಿಳಾಸ ಇಲ್ಲ. ನನ್ನ ಊಹೆ ಮಾತ್ರ ಇದೇ.

ಇಂಜಿನಿಯರಿಂಗ್ ಓದಿದ್ದರಿಂದ ನನಗೆ ಉಳಿದಿರೋ ಒಂದೇ ಒಳ್ಳೇ ಅಭ್ಯಾಸ ಅಂದ್ರೆ ಬರೆದಿಡೋದು. ಇನ್ನೂರು ಪುಟದ ನೋಟ್‌ಬುಕ್ ತಂದೆ. ಎಷ್ಟು ಗಂಟೆಗೆ ಬೊಗಳಿದಳು, ಅದಕ್ಕೂ ಹತ್ತು ನಿಮಿಷ ಮೊದಲು ಏನಾಗಿತ್ತು, ಎಷ್ಟು ಹೊತ್ತು ಮಲಗಿದಳು. ಎರಡನೇ ವಾರಕ್ಕೆ ಒಂದು ವಿಷಯ ಕಣ್ಣಿಗೆ ಹೊಡೀತು. ತುಂಬಾ ಕಾಟ ಕೊಟ್ಟ ದಿನಗಳೆಲ್ಲ ಅವಳು ಕಮ್ಮಿ ನಿದ್ದೆ ಮಾಡಿದ ದಿನಗಳು.

ಸಲಹೆ ಕೊಡೋರಿಗೇನೂ ಕಮ್ಮಿ ಇರಲಿಲ್ಲ. "ಓಡಿಸಿ ಸರ್, ಸುಸ್ತಾಗಲಿ, ಎಲ್ಲಾ ಸರಿಹೋಗುತ್ತೆ." ಒಂದು ಗಂಟೆ ಚೆಂಡು ಎಸೆದರೆ ಬಾರ್ಡರ್ ಕಾಲಿ ಸುಸ್ತಾಗಲ್ಲ ಸ್ವಾಮಿ, ತಯಾರಾಗುತ್ತೆ. ತಿಂಗಳಾದ ಮೇಲೆ ಅದಕ್ಕೆ ಎರಡು ಗಂಟೆ ಬೇಕು. ದಿನವಿಡೀ ಗುಡ್ಡ ಹತ್ತಿ ಇಳಿಯೋಕೆ ಮಾಡಿದ ಮೈ ಅದು, ನೀವೆಲ್ಲಿ ಗೆಲ್ತೀರಿ? ಅವಳಿಗೆ ಕಲಿಸಬೇಕಾಗಿದ್ದು ಸುಮ್ಮನೆ ಇರೋದನ್ನ. ಒಂದು ಚಾಪೆ ಹಾಕಿದೆವು. ತಾನಾಗೇ ಹೋಗಿ ಅದರ ಮೇಲೆ ಕೂತರೆ ಒಂದು ತುಣುಕು ಬೇಯಿಸಿದ ಕೋಳಿ. ಗಲ್ಲ ನೆಲಕ್ಕಿಟ್ಟರೆ ಇನ್ನೊಂದು. ಮೊದಲ ದಿನ ಹತ್ತು ಸೆಕೆಂಡ್, ಮೂರನೇ ವಾರಕ್ಕೆ ಇಪ್ಪತ್ತು ನಿಮಿಷ, ಅದೂ ಕುಕ್ಕರ್ ಕೂಗ್ತಾ ಇರುವಾಗ. ಒಂದು ಹೊತ್ತಿನ ಊಟವನ್ನ ತಟ್ಟೆಗೆ ಹಾಕದೆ ಹಳೇ ಟವೆಲ್‌ನಲ್ಲಿ ಸುತ್ತಿಟ್ಟು ಮೂಗಿನಿಂದ ಹುಡುಕೋಕೆ ಬಿಟ್ಟೆವು. ಹದಿನೈದು ನಿಮಿಷ ಮೂಸಿ ಹುಡುಕಿದರೆ ಅವಳಿಗೆ ಬರೋ ನಿದ್ದೆ ಚೆಂಡಿನಾಟದಿಂದ ಬರ್ತಿರಲಿಲ್ಲ. ವಾಕಿಂಗ್ ಬೆಳಗ್ಗೆ ಏಳರ ಒಳಗೆ, ಯಾಕಂದ್ರೆ ಏಪ್ರಿಲ್ ತಿಂಗಳ ಡಾಂಬರಿನ ಮೇಲೆ ನಿಮ್ಮ ಅಂಗೈ ಐದು ಸೆಕೆಂಡ್ ನಿಲ್ಲದಿದ್ರೆ ಅದರ ಪಾದವೂ ನಿಲ್ಲಲ್ಲ.

ಅಮೆರಿಕದ ಚೇಸರ್ ಅನ್ನೋ ಬಾರ್ಡರ್ ಕಾಲಿಯ ವಿಡಿಯೋ ನೀವೂ ನೋಡಿರಬಹುದು. 1,022 ಆಟಿಕೆಗಳ ಹೆಸರು ಕಲಿತ ನಾಯಿ. ಅದನ್ನ ನೋಡಿ ನಮಗೂ ಒಂದು ಬೇಕು ಅನ್ನಿಸುತ್ತೆ. ಕಲಿಸಿದ ಜಾನ್ ಪಿಲ್ಲಿ ಮನಃಶಾಸ್ತ್ರದ ನಿವೃತ್ತ ಪ್ರಾಧ್ಯಾಪಕರು, ಮೂರು ವರ್ಷ ದಿನಕ್ಕೆ ನಾಲ್ಕೈದು ಗಂಟೆ ಅದಕ್ಕೇ ಕೊಟ್ಟಿದ್ದರು. ಆ ಗಂಟೆಗಳು ವಿಡಿಯೋದಲ್ಲಿ ಕಾಣಲ್ಲ.

ಇನ್ನೊಂದು ವಿಷಯ, ದಯವಿಟ್ಟು ಗಮನ ಕೊಟ್ಟು ಕೇಳಿ. ನಮ್ಮಲ್ಲಿ ನಾಯಿಗೆ ಕಜ್ಜಿ, ಹುಳ ಅಂದ್ರೆ ಐವರ್ಮೆಕ್ಟಿನ್ ಕೊಡೋದು ತುಂಬಾ ಸಾಮಾನ್ಯ. ಕೆಲವರು ಮೆಡಿಕಲ್ ಶಾಪಿಂದ ತಾವೇ ತಂದು ಹಾಕ್ತಾರೆ. ಕಾಲಿ ಜಾತಿಯ ಕುರಿನಾಯಿಗಳಲ್ಲಿ ಎಂಡಿಆರ್1 ಅನ್ನೋ ಜೀನ್‌ನಲ್ಲಿ ಒಂದು ದೋಷ ಇರಬಹುದು, 2001ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದವರು ಪತ್ತೆ ಹಚ್ಚಿದ್ದು. ಆ ದೋಷ ಇದ್ದರೆ ಔಷಧ ಮಿದುಳಿಗೆ ನುಗ್ಗದ ಹಾಗೆ ತಡೆಯೋ ವ್ಯವಸ್ಥೆಯೇ ಕೆಲಸ ಮಾಡಲ್ಲ. ಕಜ್ಜಿಗೆ ಕೊಡೋ ದೊಡ್ಡ ಪ್ರಮಾಣದ ಡೋಸ್ ಬಿದ್ದರೆ ನಾಯಿ ತೂರಾಡುತ್ತೆ, ಕುರುಡಾಗುತ್ತೆ, ಪ್ರಜ್ಞೆ ತಪ್ಪುತ್ತೆ, ಸಾಯಲೂಬಹುದು. ರಫ್ ಕಾಲಿಯಲ್ಲಿ ಇದು ಬಹಳ ಹೆಚ್ಚು. ಬಾರ್ಡರ್ ಕಾಲಿಯಲ್ಲಿ ಕಡಿಮೆ, ಆದರೆ ಇಲ್ಲ ಅನ್ನೋ ಹಾಗಿಲ್ಲ. ಬೀದೀಲಿ ಸಿಕ್ಕ ನಾಯಿ ಅಂತ ಬೀದಿನಾಯಿ ಲೆಕ್ಕದಲ್ಲಿ ಚುಚ್ಚುಮದ್ದು ಹಾಕಿಸೋ ಮೊದಲು ತಳಿ ಯಾವುದು ಅಂತ ಡಾಕ್ಟರಿಗೆ ಹೇಳಿ. ಬೆಳ್ಳಿಗೆ ಬೇರೆ ಔಷಧ ಕೊಡಿಸಿದೆವು. ರೇಬಿಸ್ ಲಸಿಕೆ, ಉಣ್ಣೆಜ್ವರದ ರಕ್ತಪರೀಕ್ಷೆ, ಕೊನೆಗೆ ಸಂತಾನಹರಣ ಶಸ್ತ್ರಚಿಕಿತ್ಸೆ, ಎಲ್ಲಾ ಆಯ್ತು.

ಹಾಗಾದ್ರೆ ಬಿಟ್ಟುಹೋದವರಿಗೆ ಕಾನೂನು ಏನು ಮಾಡುತ್ತೆ? ಪ್ರಾಣಿಹಿಂಸೆ ತಡೆ ಕಾಯ್ದೆ ಇದೆ, 1960ರದ್ದು. ಹಸಿವು ಬಾಯಾರಿಕೆಯಿಂದ ನರಳೋ ಹಾಗೆ ಪ್ರಾಣಿಯನ್ನ ತೊರೆದುಹೋಗೋದು 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ ಹತ್ತು ರೂಪಾಯಿಂದ ಐವತ್ತು ರೂಪಾಯಿ. ಹೌದು, ನೀವು ಸರಿಯಾಗೇ ಕೇಳಿಸಿಕೊಂಡ್ರಿ. ಬೆಂಗಳೂರಲ್ಲಿ ಒಂದು ಮಸಾಲೆ ದೋಸೆಯ ದುಡ್ಡಿಗಿಂತ ಕಡಿಮೆ.

ದತ್ತು ಕೇಳಿ ಫೋನುಗಳು ಬಂದವು. ಮೊದಲ ಪ್ರಶ್ನೆ "ಫ್ರೀನಾ ಸರ್?" ಎರಡನೇದು "ಮರಿ ಹಾಕಿಸಬಹುದಾ?" ಆಪರೇಷನ್ ಆಗಿದೆ ಅಂದ ಕೂಡಲೇ ಅರ್ಧಕ್ಕರ್ಧ ಜನ ಫೋನ್ ಇಟ್ಟರು. ಅದಕ್ಕೇ ಆಪರೇಷನ್ ಆಗದೆ ಯಾವ ನಾಯಿಯನ್ನೂ ದತ್ತು ಕೊಡಬಾರದು ಅಂತ ನಾನು ಖಂಡಿತವಾಗಿ ಹೇಳ್ತೀನಿ.

ದೇವನಹಳ್ಳಿ ಕಡೆ ತೋಟ ಇರೋ ಒಬ್ಬರು ಬಂದರು. ಹದಿನೈದು ಕುರಿ ಇವೆ, ಇದಕ್ಕಿಂತ ಒಳ್ಳೇ ಜಾಗ ಸಿಗುತ್ತಾ ಅಂದರು. ನೋಡೋರಿಗೆ ಅದೇ ಸರಿ ಅನ್ನಿಸುತ್ತೆ. ಆದರೆ ಅವರಿಗೆ ಬೇಕಾಗಿದ್ದು ರಾತ್ರಿ ಗೇಟಿಗೆ ಕಟ್ಟೋ ನಾಯಿ. ಹಗಲು ಬಿಟ್ಟರೆ, ನಿಲ್ಲು ಅಂತ ಹೇಳೋರಿಲ್ಲದೆ, ಕುರಿ ಬೀಳೋವರೆಗೆ ಅಟ್ಟುತ್ತೆ. ಕುರಿಯನ್ನ ಬಿಡೋದು ಯಾವಾಗ ಅಂತ ಕಲಿಸೋಕೆ ತಿಂಗಳುಗಟ್ಟಲೆ ಬೇಕು. ಇಲ್ಲ ಅಂದೆ. ಅವರಿಗೆ ಬೇಜಾರಾಯ್ತು.

ಇನ್ನೊಂದು ಕುಟುಂಬ. ಒಳ್ಳೇ ಜನ, ನಾಯಿ ಸಾಕಿ ಗೊತ್ತಿರೋರು, ಐದು ಮತ್ತು ಮೂರು ವರ್ಷದ ಮಕ್ಕಳು. ದೊಡ್ಡವಳು ಬೆಳ್ಳಿಯ ಕೊರಳು ತಬ್ಬಿಕೊಂಡಳು. ಬೆಳ್ಳಿ ತುಟಿ ನೆಕ್ಕಿಕೊಂಡು ಮುಖ ಆಚೆ ತಿರುಗಿಸಿದಳು. ಮನೆಯವರು ಅದನ್ನ ಪ್ರೀತಿ ಅಂದುಕೊಂಡು ಫೋಟೋ ತೆಗೆದರು. ಅದು ನಾಯಿ ಸಾಕಪ್ಪ ಸಾಕು ಅಂತ ಹೇಳೋ ರೀತಿ. ನೋಟ್‌ಬುಕ್ಕಿನಲ್ಲಿ ಹಿಮ್ಮಡಿಯ ವಿಷಯ ಬರೆದಿದ್ದ ಪುಟ ಓದಿ ಹೇಳಿದೆ. ಆ ಹುಡುಗಿ ಅಳ್ತಾ ಮೆಟ್ಟಿಲು ಇಳಿದಳು. ಅವತ್ತು ಸತ್ಯ ಹೇಳದೆ ಕೊಟ್ಟಿದ್ದರೆ ಎಲ್ಲರೂ ನಗ್ತಾ ಹೋಗ್ತಿದ್ದರು. ಒಂದು ತಿಂಗಳಿಗೆ ಮಗುವಿಗೆ ಗಾಯ, ಬೆಳ್ಳಿಗೆ "ಕಚ್ಚೋ ನಾಯಿ" ಅನ್ನೋ ಹೆಸರು. ಆ ಹೆಸರು ಬಿದ್ದ ನಾಯಿಗೆ ಆಮೇಲೆ ಯಾರು ಬಾಗಿಲು ತೆಗೀತಾರೆ?

ಒಂಬತ್ತನೇ ವಾರ ಮೈಸೂರಿಂದ ದಂಪತಿ ಬಂದರು. ಐವತ್ತು ದಾಟಿದವರು, ಮಗಳು ಕಾಲೇಜಲ್ಲಿದ್ದಾಳೆ. ಒಂದೇ ದಿನಕ್ಕೆ ನೋಡಿ ಹೋಗಲಿಲ್ಲ, ಮೂರು ಭಾನುವಾರ ಬಂದರು. ಎರಡನೇ ಸಲ ಅಮ್ಮಾವ್ರು ನೋಟ್‌ಬುಕ್ ಪೂರ್ತಿ ಓದಿ, "ಇದು ಯಾವಾಗ ಕಚ್ಚಬಹುದು, ಅದನ್ನ ಮೊದಲು ಹೇಳಿ" ಅಂದರು. ಅಷ್ಟು ಜನರಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ.

ಚಾಪೆ, ಟವೆಲ್, ನೋಟ್‌ಬುಕ್ ಎಲ್ಲಾ ಜೊತೇಲೇ ಕಳಿಸಿದೆವು. ಒಂದು ತಿಂಗಳು ಪರೀಕ್ಷಾ ಅವಧಿ ಅಂತ ಮಾತಾಗಿದೆ. ಹೊಂದಿಕೆ ಆಗದಿದ್ರೆ ಬೀದಿಗಲ್ಲ, ನಮ್ಮ ಮನೆಗೇ ವಾಪಸ್ ಬರಬೇಕು, ಕಾಗದದ ಮೇಲೆ ಬರೆದು ಸಹಿ ಆಗಿದೆ. ಇವತ್ತಿಗೆ ಹನ್ನೊಂದು ದಿನ. ನಿನ್ನೆ ಮಧ್ಯಾಹ್ನ ಯಜಮಾನರು ಫೋನ್ ಮಾಡಿದ್ರು. ದನಿಯಲ್ಲಿ ಗಾಬರಿ ಇತ್ತು. "ಸಾರ್, ಊಟ ಆದ್ಮೇಲೆ ಎರಡು ಗಂಟೆಯಿಂದ ಚಾಪೆ ಮೇಲೆ ಮಲಗೇ ಇದ್ದಾಳೆ, ಹುಷಾರಿಲ್ವೇನೋ, ಡಾಕ್ಟರ್ ಹತ್ರ ಹೋಗೋಣ್ವಾ?"

ಎಬ್ಬಿಸಬೇಡಿ ಸರ್, ಅಂದೆ.