ಮಹಾವೀರಾಚಾರ್ಯರ ಸಂಖ್ಯಾಹಾರ



ಬಸದಿಯ ನಿರ್ಮಾಣದಲ್ಲಿ ಶಿಲ್ಪಿಯ ಅಳತೆಗೆ ಎಷ್ಟು ಬೆಲೆಯುಂಟೋ ಜೈನ ವಿದ್ಯಾಪರಂಪರೆಯಲ್ಲಿ ಗಣಿತಕ್ಕೂ ಅಷ್ಟೇ ಬೆಲೆಯುಂಟು. ಬಳ್ಳಾರಿಯ ವರ್ತಕರ ಲೆಕ್ಕದ ಪುಸ್ತಕ, ಸಿರುಗುಪ್ಪದ ರೈತರ ಭತ್ತದ ತೂಕ, ಕುರುಗೋಡಿನ ಕಲ್ಲುಕೆಲಸದವರ ಅಳತೆ, ಇವೆಲ್ಲವೂ ಏಕ, ದಶ, ಶತವೆಂಬ ಸ್ಥಾನಕ್ರಮವನ್ನೇ ನೆಚ್ಚಿವೆ. ಈ ಸೀಮೆಯೂ ಸೇರಿದ್ದ ರಾಷ್ಟ್ರಕೂಟ ರಾಜ್ಯದಲ್ಲಿ, ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಸುಮಾರು ಕ್ರಿ.ಶ. 850ರಲ್ಲಿ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಏಕದಿಂದ ಮಹಾಕ್ಷೋಭದವರೆಗೆ ಅವರು 24 ಸ್ಥಾನಗಳನ್ನು ಹೆಸರಿಸಿದ್ದಾರೆ; ಕಡೆಯದು ಒಂದರ ಮುಂದೆ 23 ಸೊನ್ನೆಗಳುಳ್ಳ ಸಂಖ್ಯೆ.

ಗುಣಾಕಾರವನ್ನು ಕಲಿಸುವಲ್ಲಿ ಆಚಾರ್ಯರು 27994681 ಎಂಬ ಸಂಖ್ಯೆಯನ್ನು 441ರಿಂದ ಗುಣಿಸುವ ಲೆಕ್ಕವನ್ನು ಒಡ್ಡುತ್ತಾರೆ. ನೋಡಲು ನೀರಸವಾದ ಈ ಅಂಕಿಗಳಿಂದ ದೊರೆಯುವ ಗುಣಲಬ್ಧವು 12345654321. ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವ ಈ ಸಂಖ್ಯೆಯನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂತಹ ಗುಣಲಬ್ಧಗಳಿಗೆ ಕಂಠಾಭರಣದ ಹೋಲಿಕೆಯು ಗ್ರಂಥದಲ್ಲಿಯೇ ಉಂಟು.

ಹಾರದ ಸೊಬಗು ಕಣ್ಣಿಗೆ ಕಾಣುತ್ತದೆ. ಅದನ್ನು ಪೋಣಿಸಿದ ದಾರ ಕಾಣುವುದಿಲ್ಲ. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಆದುದರಿಂದ ಈ ಹಾರವು ಆರು ಒಂದುಗಳುಳ್ಳ ಸಂಖ್ಯೆಯ ವರ್ಗವೇ ಆಗಿದೆ. ಆ ಗುಣಾಕಾರವನ್ನು ಬರೆದಾಗ ಆರು ಸಾಲುಗಳು ಒಂದೊಂದು ಸ್ಥಾನ ಎಡಕ್ಕೆ ಸರಿದು ನಿಲ್ಲುತ್ತವೆ. ಕಂಬಸಾಲುಗಳಲ್ಲಿ ಒಂದುಗಳ ಎಣಿಕೆಯು ಕ್ರಮವಾಗಿ ಹೆಚ್ಚಿ, ನಡುವೆ ಆರಾಗಿ, ಮತ್ತೆ ಕುಗ್ಗುತ್ತದೆ. 111111 ಎಂಬುದು 3, 7, 11, 13, 37 ಎಂಬ ಐದು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಅದರ ವರ್ಗವಾದ ಈ ಹಾರವನ್ನು ಶೇಷವಿಲ್ಲದೆ ಭಾಗಿಸಬಲ್ಲ ಸಂಖ್ಯೆಗಳು 243.

ಈ ಸೊಬಗಿಗೆ ಮಿತಿಯೂ ಉಂಟು. ಒಂಬತ್ತು ಒಂದುಗಳ ವರ್ಗ 12345678987654321. ಹಾರ ಅಲ್ಲಿಯವರೆಗೆ ಅಖಂಡ. ಹತ್ತು ಒಂದುಗಳನ್ನು ತೆಗೆದುಕೊಂಡರೆ ನಡುವಣ ಕಂಬಸಾಲಿನಲ್ಲಿ ಹತ್ತು ಕೂಡಿ, ದಶಕವು ಎಡಕ್ಕೆ ಸಾಗಿ, 1234567900987654321 ದೊರೆಯುತ್ತದೆ. ಹಾರ ಕಡಿಯಿತು! ಒಂಬತ್ತು ಬಾರಿ ಕಂಡ ಕ್ರಮವನ್ನು ಹತ್ತನೆಯ ಬಾರಿಗೂ ನಿಜವೆಂದು ನಂಬಿದವನು ಇಲ್ಲಿ ಎಡವುತ್ತಾನೆ. ಕಾರಣವನ್ನು ಅರಿತವನು ಎಡವುವುದಿಲ್ಲ. ನಂಬಿಕೆಯೊಡನೆ ಸಮ್ಯಗ್ಜ್ಞಾನವೂ ಇರಬೇಕೆಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ಬೇಕಿಲ್ಲ.

ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. ಕನ್ನಡ, ತೆಲುಗುಗಳೆರಡೂ ಕೇಳಿಬರುವ ಬಳ್ಳಾರಿಗೆ ಇದು ವಿಶೇಷ ಸಂತೋಷದ ಸಂಗತಿ. ಬಳ್ಳಾರಿಯು ಇನ್ನೂ ಮದರಾಸು ಪ್ರಾಂತ್ಯದಲ್ಲಿದ್ದ 1912ರಲ್ಲಿ ಎಂ. ರಂಗಾಚಾರ್ಯರು ಹಸ್ತಪ್ರತಿಗಳನ್ನು ಶೋಧಿಸಿ, ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಮೂಲವನ್ನು ಪ್ರಕಟಿಸಿದರು. ಹೀಗೆ ಗ್ರಂಥವು ಉಳಿಯಿತು.

ಆದರೆ ಗ್ರಂಥ ಉಳಿದ ಮಾತ್ರಕ್ಕೆ ವಿದ್ಯೆ ಉಳಿಯದು. ಪ್ರತಿಷ್ಠೆಯಾದ ಬಸದಿಗೆ ನಿತ್ಯಪೂಜೆ ಹೇಗೋ ಗಣಿತಕ್ಕೆ ಅಭ್ಯಾಸವು ಹಾಗೆ. ಸಿರುಗುಪ್ಪದ, ಕುರುಗೋಡಿನ ಮಕ್ಕಳು ಆರು ಸಾಲುಗಳನ್ನು ತಾವೇ ಬರೆದು ಕೂಡಿ ನೋಡಲಿ. ಹತ್ತನೆಯದರಲ್ಲಿ ಹಾರವು ಏಕೆ ಕಡಿಯಿತೆಂದು ಹಿರಿಯರನ್ನು ಕೇಳಲಿ. ಆ ಪ್ರಶ್ನೆಗೆ ಉತ್ತರ ಹೇಳಬಲ್ಲ ಹಿರಿಯರು ಮನೆಮನೆಯಲ್ಲಿಯೂ ಇದ್ದರೆ ಆಚಾರ್ಯರ ಹಾರವು ಬಾಡುವುದಿಲ್ಲ.