ಲೇಖನಿಗೊಂದು ಚರ್ಮದ ಒರೆ

(ತಲ್ಲೂರಿನಲ್ಲಿ ಓದುಗ ಮಿತ್ರರ ಮುಂದೆ ಆಡಿದ ಮಾತುಗಳ ಬರಹರೂಪ)



ಶಾಯಿ ಪೆನ್ನು ಬಳಸುವ ಅಭ್ಯಾಸ ಇರುವವರು ಆಗಾಗ ಕೇಳುವ ಪ್ರಶ್ನೆಯೊಂದಿದೆ: ‘ಎರಡು ಪೆನ್ನು, ಒಂದು ನೋಟುಪುಸ್ತಕ ಒಟ್ಟಿಗೆ ಹಿಡಿಯುವಂಥ ಚರ್ಮದ ಕೇಸು ಬೇಕು, ಯಾವುದನ್ನು ಕೊಳ್ಳಬೇಕು?’ ಪ್ರಶ್ನೆ ಸಣ್ಣದು. ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ಕೊಂಡು ಮುಗಿಸಿಬಿಡಬಹುದು. ಆದರೆ ಬರವಣಿಗೆಯ ಸಾಮಾನನ್ನು ಚರ್ಮದಲ್ಲಿಟ್ಟು ಒಯ್ಯುವುದು ನಮ್ಮ ನಾಡಿನಲ್ಲಿ ಬಹಳ ಹಳೆಯ ರೂಢಿಯೇನಲ್ಲ. ಅಕ್ಷರಕ್ಕೂ ಚರ್ಮಕ್ಕೂ ನಡುವೆ ನಾವು ಬಹುಕಾಲ ಒಂದು ಗೋಡೆ ಎಬ್ಬಿಸಿದ್ದೆವು. ಆ ಗೋಡೆಯ ಕತೆಯನ್ನು ಮೊದಲು ಹೇಳಿ, ಆಮೇಲೆ ಆಯ್ಕೆಯ ಮಾತಿಗೆ ಬರುತ್ತೇನೆ.

ಒಂದು ಶಬ್ದದಿಂದ ಆರಂಭಿಸೋಣ. ಶಾನುಭಾಗರ ಲೆಕ್ಕಪತ್ರಗಳ ಗಂಟಿಗೆ ‘ದಫ್ತರ’ ಎಂಬ ಹೆಸರಿತ್ತು. ಹಿರಿಯರಿಗೆ ಇದು ನೆನಪಿರಬಹುದು. ಕಾಗದಗಳನ್ನು ಪೇರಿಸಿ, ಬಟ್ಟೆಯಲ್ಲಿ ಸುತ್ತಿ, ದಾರ ಬಿಗಿದ ಕಟ್ಟು ಅದು. ಶಬ್ದ ನಮಗೆ ಬಂದದ್ದು ಪಾರಸಿಯಿಂದ. ಅದರ ಬೇರು ಹುಡುಕುತ್ತ ಹೋದರೆ ಗ್ರೀಕರ ‘ದಿಫ್ತೆರಾ’ ಎಂಬ ಮಾತು ಸಿಗುತ್ತದೆ. ಅದರ ಅರ್ಥ ಹದಮಾಡಿದ ತೊಗಲು. ಕ್ರಿಸ್ತಪೂರ್ವ 5ನೆಯ ಶತಮಾನದ ಹೆರೊಡೊಟಸ್ ಇದಕ್ಕೊಂದು ಕಾರಣವನ್ನೂ ಬರೆದಿಟ್ಟಿದ್ದಾನೆ. ಅಯೋನಿಯದ ಜನ ಹಿಂದೆ ಆಡು ಕುರಿಗಳ ಚರ್ಮದ ಮೇಲೆ ಬರೆಯುತ್ತಿದ್ದರು. ಆಮೇಲೆ ಪ್ಯಾಪಿರಸ್ ಬಂದರೂ ಅದನ್ನು ‘ಚರ್ಮ’ ಎಂದೇ ಕರೆದರು ಎನ್ನುತ್ತಾನೆ. ಗ್ರೀಸಿನಿಂದ ಪಶ್ಚಿಮ ಏಷ್ಯಾ, ಪರ್ಷಿಯಾ ದಾಟಿ ಆ ಶಬ್ದ ಕರಾವಳಿಯ ಶಾನುಭಾಗರ ಚಾವಡಿಗೆ ಬಂತು. ಆದರೆ ಶಬ್ದ ಬಂತೇ ಹೊರತು ಚರ್ಮ ಬರಲಿಲ್ಲ.

ನಮ್ಮಲ್ಲಿ ಬರವಣಿಗೆ ಇದ್ದದ್ದು ತಾಳೆಗರಿಯ ಮೇಲೆ. ಕಬ್ಬಿಣದ ಕಂಠದಿಂದ ಕೊರೆದು, ಮಸಿ ತಿಕ್ಕಿ ಅಕ್ಷರ ಎಬ್ಬಿಸುತ್ತಿದ್ದರು. ಗರಿಗಳಿಗೆ ತೂತು ಮಾಡಿ ದಾರ ಪೋಣಿಸಿ, ಮೇಲೊಂದು ಕೆಳಗೊಂದು ಮರದ ಪಟ್ಟಿ ಇಟ್ಟು, ಬಟ್ಟೆ ಸುತ್ತಿ ಕಟ್ಟುತ್ತಿದ್ದರು. ಮೂಡುಬಿದಿರೆಯಲ್ಲಿ ಉಳಿದುಬಂದಿರುವ ಧವಲಾ ಗ್ರಂಥಗಳ ತಾಳೆಗರಿಗಳು 12ನೆಯ ಶತಮಾನದವು. ಎಂಟುನೂರಕ್ಕೂ ಹೆಚ್ಚು ಮಳೆಗಾಲ ಕಂಡ ಅವುಗಳನ್ನು ಕಾದದ್ದು ಚರ್ಮವಲ್ಲ. ಇನ್ನು ವ್ಯವಹಾರದ ಲೆಕ್ಕಕ್ಕೆ ಕಡತವಿತ್ತು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುವ ಪುಸ್ತಕ ಅದು. ಅದರ ಕವಚವೂ ಮರ ಅಥವಾ ಬಟ್ಟೆ.

ಚರ್ಮ ಯಾಕೆ ಬರಲಿಲ್ಲ? ಉದ್ದನೆಯ ಗರಿಗೆ ಮರದ ಪಟ್ಟಿಯೇ ಸರಿಯಾದ ಜೊತೆ ಎಂಬುದು ಒಂದು ಕಾರಣ. ಜೈನರ ಅಹಿಂಸೆ ಮತ್ತೊಂದು. ಆದರೆ ಇವೆರಡಕ್ಕಿಂತ ದೊಡ್ಡ ಕಾರಣ ನಮಗೆಲ್ಲ ಗೊತ್ತಿರುವುದೇ: ಚರ್ಮ ಮೈಲಿಗೆ, ಅಕ್ಷರ ಮಡಿ. ಈ ಮಾತನ್ನು ಸ್ವಲ್ಪ ಕೆದಕಿ ನೋಡಬೇಕು. ಯಕ್ಷಗಾನದ ಚೆಂಡೆ ಮದ್ದಳೆಗಳು ಚರ್ಮವಾದ್ಯಗಳೇ, ಅವು ದೇವಸ್ಥಾನದ ಅಂಗಳದಲ್ಲಿ ರಾತ್ರಿಯಿಡೀ ನುಡಿದಿವೆ. ಸಮೀಪದ ಉಪ್ಪಿನಕುದ್ರುವಿನ ಮರದ ಗೊಂಬೆಗಳು ಕುಣಿಯುವುದೂ ಆ ಚರ್ಮದ ಪೆಟ್ಟಿಗೇ. ಜಪಕ್ಕೆ ಕೂರುವವರಿಗೆ ಜಿಂಕೆಯ ಚರ್ಮ ಶುದ್ಧವಾದ ಆಸನ. ಅಂದಮೇಲೆ ತೊಗಲಿನಲ್ಲಿ ಮೈಲಿಗೆ ಇರಲಿಲ್ಲ. ತೊಗಲನ್ನು ಹದಮಾಡುವ ಮನುಷ್ಯನಿಗೆ ಆ ಮೈಲಿಗೆಯನ್ನು ಹೊರಿಸಲಾಗಿತ್ತು. ಅವನು ಮಾಡಿದ ವಸ್ತು ಒಳಗೆ ಬಂತು, ಅವನು ಹೊರಗೆ ಉಳಿದ.

ಇದರಲ್ಲೊಂದು ವಿಚಿತ್ರವಿದೆ, ರಸಾಯನಶಾಸ್ತ್ರದ ವಿಚಿತ್ರ. ಅಳಲೆಕಾಯಿ ಗೊತ್ತಲ್ಲ, ಬಾಯಿಗೆ ಹಾಕಿದರೆ ಒಗರು. ಆ ಒಗರಿಗೆ ಕಾರಣ ಟ್ಯಾನಿನ್ ಎಂಬ ವಸ್ತು. ಹಸಿ ತೊಗಲನ್ನು ಅಳಲೆಕಾಯಿಯ ಅಥವಾ ತಂಗಡಿ ತೊಗಟೆಯ ರಸದಲ್ಲಿ ನೆನೆಹಾಕಿದರೆ ಟ್ಯಾನಿನ್ ಅದರ ನಾರುಗಳಿಗೆ ಕಚ್ಚಿಕೊಂಡು ಕೊಳೆಯದ ಹಾಗೆ ಮಾಡುತ್ತದೆ, ತೊಗಲು ಚರ್ಮವಾಗುತ್ತದೆ. ಅದೇ ಅಳಲೆಕಾಯಿಯ ರಸಕ್ಕೆ ಅನ್ನಭೇದಿ, ಅಂದರೆ ಕಬ್ಬಿಣದ ಲವಣ ಬೆರೆಸಿದರೆ ಕಪ್ಪು ಮಸಿಯಾಗುತ್ತದೆ. ಬರೆಯುವವನ ಮಸಿಕುಡಿಕೆಯಲ್ಲೂ ಚರ್ಮಕಾರನ ತೊಟ್ಟಿಯಲ್ಲೂ ಇದ್ದದ್ದು ಒಂದೇ ಕಾಯಿಯ ರಸ. ಒಬ್ಬನ ಕೈ ಕಪ್ಪಾದರೆ ವಿದ್ವಾಂಸ, ಇನ್ನೊಬ್ಬನ ಕೈ ಕಪ್ಪಾದರೆ ಅಸ್ಪೃಶ್ಯ!

ಗೋಡೆಯನ್ನು ಒಡೆಯುವ ಪ್ರಯತ್ನಗಳೂ ನಡೆದವು. 12ನೆಯ ಶತಮಾನದ ಶರಣರಲ್ಲಿ ಮಾದಾರ ಧೂಳಯ್ಯನಿದ್ದ, ಚರ್ಮದ ಕಾಯಕದವನು, ವಚನಕಾರ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿದ್ದ ಮಧುವರಸನ ಮಗಳಿಗೂ ಮದುವೆಯಾಯಿತು, ಆ ಕಾರಣಕ್ಕೆ ತಂದೆಯರಿಬ್ಬರೂ ಪ್ರಾಣ ತೆತ್ತರು ಎಂದು ಶರಣ ಪರಂಪರೆ ಹೇಳುತ್ತದೆ. ನಮ್ಮ ಕರಾವಳಿಯಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಆರಂಭಿಸಿ, ಶಾಲೆಯ ಮೆಟ್ಟಿಲು ಹತ್ತಲು ಬಿಡದಿದ್ದ ಮಕ್ಕಳಿಗೆ ಅಕ್ಷರ ಕಲಿಸಲು ನಿಂತರು. ಅದಕ್ಕಾಗಿ ಸ್ವಂತ ಜಾತಿಯವರ ಬಹಿಷ್ಕಾರವನ್ನೂ ಉಂಡರು. ಹೀಗಾಗಿ ಪೆನ್ನಿಗೊಂದು ಚರ್ಮದ ಒರೆ ಹೊಲಿಸುವುದೆಂದರೆ, ಬೇರೆ ಬೇರೆಯಾಗಿ ಇಡಲಾಗಿದ್ದ ಎರಡು ಕಸುಬುಗಳನ್ನು ಒಂದೇ ವಸ್ತುವಿನಲ್ಲಿ ಕೂಡಿಸುವುದು. ಅದನ್ನು ತಿಳಿದು ಆರಿಸಿದರೆ ಒಳ್ಳೆಯದು.

ಇನ್ನು ಆಯ್ಕೆಗೆ ಬರೋಣ. ಒಂದು ಕಾಕತಾಳೀಯವನ್ನು ಗಮನಿಸಿ. ಲೂಯಿಸ್ ವಾಟರ್‌ಮನ್ ತನ್ನ ಶಾಯಿ ಪೆನ್ನಿಗೆ ಪೇಟೆಂಟ್ ಪಡೆದದ್ದು 1884ರಲ್ಲಿ, ಅಮೆರಿಕದಲ್ಲಿ. ಅದೇ ವರ್ಷ, ಅದೇ ದೇಶದಲ್ಲಿ, ಅಗಸ್ಟಸ್ ಷುಲ್ಟ್ಸ್ ಎಂಬಾತ ಕ್ರೋಮಿಯಂ ಲವಣಗಳಿಂದ ಚರ್ಮ ಹದಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ತೊಗಟೆಯ ರಸದಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕೆಲಸ ಕೆಲವೇ ದಿನಗಳದ್ದಾಯಿತು. ಇಂದು ಜಗತ್ತಿನ ಹೆಚ್ಚಿನ ಚರ್ಮ ಕ್ರೋಮ್ ಚರ್ಮವೇ. ಅದು ಮೃದು, ನೀರನ್ನು ಸುಲಭಕ್ಕೆ ಕುಡಿಯುವುದಿಲ್ಲ. ತೊಗಟೆಯಲ್ಲಿ ಹದವಾದದ್ದು ಗಡುಸು, ಕೊಟ್ಟ ಆಕಾರದಲ್ಲಿ ನಿಲ್ಲುತ್ತದೆ, ಬಳಸಿದಂತೆ ಬಣ್ಣ ಗಾಢವಾಗುತ್ತದೆ. ಆದರೆ ತೇವವನ್ನು ಹೀರುತ್ತದೆ. ಪೆನ್ನಿನ ಒರೆಗೆ ಗಡಸುತನ ಬೇಕು, ನೋಟುಪುಸ್ತಕದ ಹೊದಿಕೆಗೆ ಬಾಗುವ ಗುಣ ಬೇಕು. ಎರಡನ್ನೂ ಹಿಡಿಯುವ ಕೇಸಾದರೆ ಸುಮಾರು ಒಂದೂವರೆ ಮಿಲಿಮೀಟರ್ ದಪ್ಪದ ಚರ್ಮ ಸಾಕು.

ಚರ್ಮ ಅಸಲಿಯೇ ಎಂದು ತಿಳಿಯುವುದು ಹೇಗೆ? ಕತ್ತರಿಸಿದ ಅಂಚನ್ನು ನೋಡಿ, ನಾರುನಾರಾಗಿ ಕಾಣಬೇಕು. ಬಟ್ಟೆಯ ಮೇಲೆ ಪ್ಲಾಸ್ಟಿಕ್ಕಿನ ಪದರ ಕಂಡರೆ ಅದು ರೆಕ್ಸಿನ್. ಹೆಬ್ಬೆರಳಿನಿಂದ ಒತ್ತಿದರೆ ಅಸಲಿ ಚರ್ಮದಲ್ಲಿ ಸಣ್ಣ ಸುಕ್ಕುಗಳೇಳುತ್ತವೆ. ಮೇಲ್ಮೈ ಎಲ್ಲೆಡೆ ಅಚ್ಚು ಹಾಕಿದಂತೆ ಒಂದೇ ತೆರನಾಗಿದ್ದರೆ ಸಂಶಯಪಡಿ. ‘ಜೆನ್ಯೂಯಿನ್ ಲೆದರ್’ ಎಂಬ ಚೀಟಿಯನ್ನೇ ನಂಬಬೇಡಿ. ಒಳಗೆ ಚರ್ಮ ಇದೆ ಎಂದಷ್ಟೇ ಅದು ಹೇಳುತ್ತದೆ, ಎಂಥ ಚರ್ಮ ಎಂದು ಹೇಳುವುದಿಲ್ಲ. ಚರ್ಮದ ಚೂರು, ಪುಡಿಗಳನ್ನು ಅಂಟು ಹಾಕಿ ಒತ್ತಿದ ಹಾಳೆಯೂ ಮಾರುಕಟ್ಟೆಯಲ್ಲಿದೆ. ಪಾಲಿಯುರಿಥೇನ್ ಪದರದ ರೆಕ್ಸಿನ್ನಂತೂ ನಮ್ಮ ತೇವದ ಹವೆಗೆ ಕೆಲವೇ ವರ್ಷಗಳಲ್ಲಿ ಸಿಪ್ಪೆ ಸುಲಿಯುತ್ತದೆ. ಒದ್ದೆ ಬಿಳಿ ಬಟ್ಟೆಯಿಂದ ಕೇಸಿನ ಒಳಭಾಗವನ್ನು ಉಜ್ಜಿ ನೋಡಿ. ಬಣ್ಣ ಬಿಟ್ಟರೆ ನಾಳೆ ಅದೇ ಬಣ್ಣ ನಿಮ್ಮ ಪುಸ್ತಕದ ಹಾಳೆಗೂ ಹತ್ತುತ್ತದೆ.

ಎರಡನೆಯದು ಒಳಗಿನ ವ್ಯವಸ್ಥೆ. ಪ್ರತಿ ಪೆನ್ನಿಗೂ ಬೇರೆ ಕೋಣೆ ಇರಬೇಕು, ಇಲ್ಲದಿದ್ದರೆ ಒಂದರ ಕ್ಲಿಪ್ಪು ಇನ್ನೊಂದರ ಮೈ ಗೀರುತ್ತದೆ. ಪೆನ್ನಿಗೂ ಪುಸ್ತಕಕ್ಕೂ ನಡುವೆ ಗಟ್ಟಿಯಾದ ಒಂದು ಹಾಳೆಯಂಥ ಚರ್ಮ ಇರಬೇಕು, ಇಲ್ಲದಿದ್ದರೆ ಪುಸ್ತಕದ ಮೇಲೆ ಪೆನ್ನಿನ ಅಚ್ಚು ಬೀಳುತ್ತದೆ. ಅಳತೆಯನ್ನು ಕಣ್ಣಂದಾಜಿನಲ್ಲಿ ಬಿಡಬೇಡಿ. ಎ5 ಪುಸ್ತಕ 148 ಮಿಲಿಮೀಟರ್ ಅಗಲ, 210 ಉದ್ದ. ಅದರ ಅರ್ಧದ್ದು ಎ6. ಸುತ್ತ ಒಂದೊಂದು ಸೆಂಟಿಮೀಟರ್ ಬಿಡುವಿರಲಿ. ಪೆನ್ನನ್ನು ಅಂಗಡಿಗೆ ಜೊತೆಯಲ್ಲೇ ಒಯ್ದು, ಹಾಕಿ ತೆಗೆದು ನೋಡಿ. ತಲೆಕೆಳಗು ಮಾಡಿದರೆ ಜಾರಬಾರದು, ತೆಗೆಯುವಾಗ ಎಳೆದಾಡಬೇಕಾಗಬಾರದು.

ಮೂರನೆಯದು ಪೆನ್ನು ನಿಲ್ಲುವ ರೀತಿ. ಕೇಸು ಚೀಲದಲ್ಲಿ ನಿಂತಾಗ ನಿಬ್ಬು ಮೇಲ್ಮುಖವಾಗಿರಬೇಕು. ಘಟ್ಟ ಹತ್ತುವವರಿಗೆ ಇದು ಮುಖ್ಯ. ಕುಂದಾಪುರದ ಸಮುದ್ರಮಟ್ಟದಿಂದ ಹುಲಿಕಲ್ ಘಾಟಿ ಹತ್ತಿ ಸುಮಾರು 600 ಮೀಟರ್ ಎತ್ತರ ಸೇರಿದರೆ ಗಾಳಿಯ ಒತ್ತಡ ಶೇಕಡ 6-7ರಷ್ಟು ಇಳಿಯುತ್ತದೆ. ಪೆನ್ನಿನೊಳಗಿನ ಗಾಳಿ ಅಷ್ಟೇ ಹಿಗ್ಗಿ ಶಾಯಿಯನ್ನು ಹೊರಗೆ ದೂಡುತ್ತದೆ. ಅಂಗಿಯ ಜೇಬಿನ ಮೈಶಾಖವೂ ಇದೇ ಕೆಲಸ ಮಾಡುತ್ತದೆ. ನಿಬ್ಬು ಮೇಲಿದ್ದರೆ ಗಾಳಿ ಮಾತ್ರ ಹೊರಬರುತ್ತದೆ, ಕೆಳಗಿದ್ದರೆ ಶಾಯಿ. ಅರ್ಧ ತುಂಬಿದ ಪೆನ್ನಿನಲ್ಲಿ ಗಾಳಿ ಹೆಚ್ಚು, ತೊಂದರೆಯೂ ಹೆಚ್ಚು. ಪ್ರಯಾಣಕ್ಕೆ ಪೂರ್ತಿ ತುಂಬಿಸಿ, ಇಲ್ಲವೇ ಪೂರ್ತಿ ಖಾಲಿ ಮಾಡಿ.

ನಾಲ್ಕನೆಯದು ಹೊಲಿಗೆ. ಎರಡು ಸೂಜಿ ಹಿಡಿದು ಒಂದೇ ದಾರವನ್ನು ಎರಡೂ ಕಡೆಯಿಂದ ದಾಟಿಸುವ ಕೈಹೊಲಿಗೆಯಲ್ಲಿ ಒಂದು ಕಡೆ ಹರಿದರೂ ಇನ್ನೊಂದು ಎಳೆ ಹಿಡಿದಿರುತ್ತದೆ. ಯಂತ್ರದ ಹೊಲಿಗೆ ನೋಡಲು ನೇರ, ಒಂದೆಡೆ ಕಿತ್ತರೆ ಮುಂದಕ್ಕೂ ಬಿಚ್ಚಿಕೊಳ್ಳಬಹುದು. ಮುಚ್ಚಲು ಜಿಪ್ಪಿಗಿಂತ ಮಡಿಚುವ ಪಟ್ಟಿ ಮೇಲು. ಅದು ಪೆನ್ನನ್ನು ಗೀರುವುದಿಲ್ಲ, ಮಳೆಹನಿಯನ್ನೂ ತಡೆಯುತ್ತದೆ. ಗುಂಡಿಗಳು ಹಿತ್ತಾಳೆಯವಿರಲಿ. ತೊಗಟೆಯಲ್ಲಿ ಹದವಾದ ಚರ್ಮಕ್ಕೆ ಒದ್ದೆಯಾದ ಕಬ್ಬಿಣ ತಗುಲಿದರೆ ಕಪ್ಪು ಕಲೆ ಏಳುತ್ತದೆ. ಯಾಕೆಂದು ನೀವೇ ಹೇಳಬಲ್ಲಿರಿ: ಟ್ಯಾನಿನ್ನೂ ಕಬ್ಬಿಣವೂ ಸೇರಿದರೆ ಮಸಿ!

ಕೊನೆಗೆ ನಮ್ಮ ಮಳೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಸುರಿಯುವ ಜಿಲ್ಲೆ ನಮ್ಮದು. ಆಟಿಯಲ್ಲಿ ಚರ್ಮದ ಮೇಲೆ ಬೂಷ್ಟು ಹಿಡಿಯದಿದ್ದರೆ ಆಶ್ಚರ್ಯ. ಬೂಷ್ಟಿಗೆ ಬೇಕಾದದ್ದು ತೇವ ಮತ್ತು ನಿಂತ ಗಾಳಿ. ಆದ್ದರಿಂದ ಕೇಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಪಾಟಿನ ಮೂಲೆಗೆ ತಳ್ಳಬೇಡಿ. ದಿನವೂ ಬಳಸಿದ ಕೇಸಿಗೆ ಬೂಷ್ಟು ಹಿಡಿಯುವುದು ಕಡಿಮೆ. ಒದ್ದೆಯಾದರೆ ಪುಸ್ತಕ, ಪೆನ್ನು ತೆಗೆದು, ನೆರಳಿನಲ್ಲಿ ಗಾಳಿಗೆ ಒಣಗಿಸಿ. ಬಿಸಿಲಿಗೋ ಒಲೆಯ ಬುಡಕ್ಕೋ ಇಟ್ಟರೆ ಸೆಟೆದು ಬಿರುಕು ಬಿಡುತ್ತದೆ. ತೆಂಗಿನೆಣ್ಣೆ ಹಚ್ಚುವ ಆಸೆ ನಮ್ಮೂರಿನವರಿಗೆ ಸಹಜ. ಬೇಡ, ಎಣ್ಣೆ ಹಾಳೆಗೆ ಇಳಿಯುತ್ತದೆ, ಕಮಟು ವಾಸನೆಯೂ ಬರುತ್ತದೆ. ಬಣ್ಣವಿಲ್ಲದ ಮೇಣದ ಪಾಲಿಶ್ ಅನ್ನು ತೆಳ್ಳಗೆ ಹಚ್ಚಿ ಒರೆಸಿದರೆ ಸಾಕು.

ಎಲ್ಲಿ ಕೊಳ್ಳಬೇಕು? ಕರ್ನಾಟಕ ಸರಕಾರ 1976ರಲ್ಲಿ ಸ್ಥಾಪಿಸಿದ ಚರ್ಮ ಕೈಗಾರಿಕಾ ನಿಗಮ ಈಗ ಡಾ. ಬಾಬು ಜಗಜೀವನರಾಮ್ ಅವರ ಹೆಸರಿನಲ್ಲಿದೆ. ಅದರ ಲಿಡ್ಕರ್ ಮಳಿಗೆಗಳಲ್ಲಿ ಚರ್ಮದ ವಸ್ತುಗಳು ಸಿಗುತ್ತವೆ. ತೊಗಟೆಯಲ್ಲಿ ಹದಮಾಡುವ ಹಳೆಯ ವಿದ್ಯೆ ಉತ್ತರ ಕರ್ನಾಟಕದಲ್ಲಿ ಇನ್ನೂ ಬದುಕಿದೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚ್ಯಂಕ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. ಆದರೆ ಅಷ್ಟು ದೂರ ಹೋಗುವ ಮೊದಲು ನಿಮ್ಮ ಪೇಟೆಯ ಬಸ್‌ಸ್ಟ್ಯಾಂಡಿನ ಬಳಿ ಚಪ್ಪಲಿ ಹೊಲಿಯುತ್ತ ಕೂತವರನ್ನು ಒಮ್ಮೆ ಮಾತಾಡಿಸಿ. ಎರಡು ಸೂಜಿಯ ಹೊಲಿಗೆ ಅವರಿಗೆ ಬರಬಹುದು. ಒಳ್ಳೆಯ ಚರ್ಮ ತಂದುಕೊಟ್ಟು, ಕಾಗದದಲ್ಲಿ ಅಳತೆ ಕತ್ತರಿಸಿಕೊಟ್ಟು, ಕೆಲಸಕ್ಕೆ ತಕ್ಕ ಕೂಲಿ ಕೊಡಿ. ಚಪ್ಪಲಿ ರಿಪೇರಿಯ ದರದಲ್ಲಿ ಚೌಕಾಸಿ ಬೇಡ.

ಶಾಯಿ ಪೆನ್ನು ಹಿಡಿಯುವವರು ಇಂದು ಕಡಿಮೆ. ಅದಕ್ಕೆ ಒರೆ ಹೊಲಿಯಬಲ್ಲವರು ಇನ್ನೂ ಕಡಿಮೆ. ಅವರ ಮಕ್ಕಳು ಓದಿ ಬೇರೆ ಉದ್ಯೋಗಕ್ಕೆ ಹೋಗಿದ್ದರೆ ಅದು ಸಂತೋಷದ ಮಾತು. ಉಳಿದವರ ಕಸುಬಿಗೆ ಬೆಲೆಯೂ ಮರ್ಯಾದೆಯೂ ಸಿಗಲಿ. ಹೊಲಿಸಿದ ಕೇಸಿನೊಳಗಿನ ಪುಸ್ತಕದ ಮೊದಲ ಪುಟದಲ್ಲಿ ನಿಮ್ಮ ಹೆಸರು ಬರೆಯುತ್ತೀರಲ್ಲ, ಅದರ ಕೆಳಗೆ, ಅವರನ್ನು ಕೇಳಿ, ಹೊಲಿದವರ ಹೆಸರನ್ನೂ ಬರೆಯಿರಿ.