ತಾನೇ ಕೆಲಸ ಮಾಡುವ ಯಂತ್ರಗಳು: ಕೆಲವು ಪ್ರಶ್ನೆಗಳು, ಕೆಲವು ಉತ್ತರಗಳು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಾಫ್ಟ್‌ವೇರ್ ಕೆಲಸದವನು ಊರಿಗೆ ಬಂದರೆ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ರೋಬೋಟ್ ಬಂದರೆ ನಮ್ಮ ಕೆಲಸ ಹೋಗುತ್ತದಾ? ಫೋನಿನಿಂದಲೇ ಮನೆಯ ದೀಪ ಹಾಕಬಹುದಂತೆ, ನಿಜವಾ? ಮಕ್ಕಳು ಇದನ್ನು ಎಲ್ಲಿಂದ ಕಲಿಯಬೇಕು? ಈ ಪ್ರಶ್ನೆಗಳಿಗೆ ನಮ್ಮ ಊರಿನ ಉದಾಹರಣೆಗಳಿಂದಲೇ ಉತ್ತರ ಹೇಳಲು ಪ್ರಯತ್ನಿಸುತ್ತೇನೆ.

ಮೊದಲನೆಯದು, ರೋಬೋಟ್ ಎಂದರೆ ಮನುಷ್ಯನ ಹಾಗೆ ಕೈಕಾಲು ಇರುವ ಯಂತ್ರವೇ?

ಆ ಚಿತ್ರ ನಾಟಕ, ಸಿನಿಮಾಗಳಿಂದ ಬಂದದ್ದು. ಆ ಪದವೂ ನಾಟಕದಿಂದಲೇ ಬಂತು. ಜೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಬರೆದ ನಾಟಕದಲ್ಲಿ ಅದು ಮೊದಲು ಕಾಣಿಸಿತು. ಅದರ ಮೂಲದ ಅರ್ಥ ಬಿಟ್ಟಿ ದುಡಿಮೆ. ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತ ಮೊದಲ ರೋಬೋಟ್ ಯೂನಿಮೇಟ್. 1961ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಾರ್ಖಾನೆಯಲ್ಲಿ ಕಾದ ಲೋಹದ ಅಚ್ಚುಗಳನ್ನು ಎತ್ತಿಡುತ್ತಿದ್ದ ಅದಕ್ಕೆ ತಲೆಯೂ ಇರಲಿಲ್ಲ, ಕಾಲೂ ಇರಲಿಲ್ಲ. ಅದು ಬರೀ ಒಂದು ತೋಳು.

ತಾನೇ ಕೆಲಸ ಮಾಡುವ ಯಾವುದೇ ಯಂತ್ರದಲ್ಲಿ ಮೂರು ಭಾಗಗಳಿರುತ್ತವೆ. ತಿಳಿಯುವುದು ಒಂದು, ತೀರ್ಮಾನಿಸುವುದು ಇನ್ನೊಂದು, ಮಾಡುವುದು ಮತ್ತೊಂದು. ಕಣ್ಣು, ಬುದ್ಧಿ, ಕೈ ಎಂದುಕೊಳ್ಳಿ. ಓವರ್‌ಹೆಡ್ ಟ್ಯಾಂಕಿನೊಳಗಿನ ಫ್ಲೋಟ್ ಸ್ವಿಚ್ ನೋಡಿ. ನೀರಿನ ಜೊತೆ ಏರುವ ತೇಲುಬುಂಡೆ ಕಣ್ಣು. ಇಷ್ಟು ಏರಿದರೆ ಸಾಕು ಎಂದು ಮೊದಲೇ ಕಟ್ಟಿಟ್ಟ ಮಟ್ಟ ಬುದ್ಧಿ. ಮೋಟರ್ ನಿಲ್ಲಿಸುವ ಸ್ವಿಚ್ ಕೈ. ಇಸ್ತ್ರಿಪೆಟ್ಟಿಗೆ ಕಾದ ಮೇಲೆ ತಾನೇ ಆರುವುದೂ, ಫ್ರಿಜ್ಜು ತಣ್ಣಗಾದ ಮೇಲೆ ಸುಮ್ಮನಾಗುವುದೂ ಹೀಗೆಯೇ. ಕಂಪ್ಯೂಟರ್ ಸೇರಿದರೆ ಬುದ್ಧಿಯ ಭಾಗ ದೊಡ್ಡದಾಗುತ್ತದೆ, ಅಷ್ಟೇ.

ಎರಡನೆಯದು, ಫೋನಿನಿಂದ ನಡೆಸುವುದೂ ತಾನೇ ನಡೆಯುವುದೂ ಒಂದೇ ಏನು?

ಅಲ್ಲ. ನಮ್ಮಲ್ಲಿ ಎಷ್ಟೋ ಜನರ ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಇದೆ. ಪೆಟ್ಟಿಗೆಯೊಳಗೆ ಒಂದು ಸಿಮ್ ಇರುತ್ತದೆ. ಮನೆಯಿಂದ ಫೋನ್ ಮಾಡಿದರೆ ಕೆರೆಯ ಹತ್ತಿರ ಮೋಟರ್ ಓಡುತ್ತದೆ. ಇಲ್ಲಿ ಯಂತ್ರ ಕೈ ಮಾತ್ರ, ತೀರ್ಮಾನ ನಿಮ್ಮದು. ಅದೇ ಪೆಟ್ಟಿಗೆಯನ್ನು ಆಟೋಗೆ ಹಾಕಿಟ್ಟರೆ, ತ್ರೀಫೇಸ್ ಬಂದ ಕೂಡಲೇ ಯಾರೂ ಹೇಳದೆ ಮೋಟರ್ ಚಾಲೂ ಆಗುತ್ತದೆ. ಆಗ ತೀರ್ಮಾನವೂ ಯಂತ್ರದ್ದೇ.

ಈ ವ್ಯತ್ಯಾಸ ತಿಳಿಯದಿದ್ದರೆ ಜೀವಕ್ಕೇ ಅಪಾಯ. ಫೆಬ್ರುವರಿ, ಮಾರ್ಚಿನಲ್ಲಿ ಕಾಫಿ ಹೂವಿಗೆ ನೀರು ಹಾಯಿಸುವಾಗ ಯಾರೋ ಪಂಪಿನ ವೈರು ಬಿಚ್ಚಿಕೊಂಡು ಕುಳಿತಿರುತ್ತಾರೆ. ಕರೆಂಟ್ ಹೋಗಿದೆ ಎಂಬ ಧೈರ್ಯ. ಪೆಟ್ಟಿಗೆ ಆಟೋದಲ್ಲಿದ್ದರೆ, ಅಥವಾ ಮನೆಯಲ್ಲಿದ್ದವರು ಫೋನ್ ಒತ್ತಿದರೆ, ಅಲ್ಲಿ ಮನುಷ್ಯ ಕುಳಿತಿದ್ದಾನೆ ಎಂದು ಆ ಯಂತ್ರಕ್ಕೆ ಕಾಣುವುದಿಲ್ಲ. ಅದರ ಕಣ್ಣಿಗೆ ಕಾಣುವುದು ಕರೆಂಟ್ ಮಾತ್ರ. ಆದ್ದರಿಂದ ಮೋಟರ್ ಮುಟ್ಟುವ ಮೊದಲು ಮೇನ್ ಸ್ವಿಚ್ ತೆಗೆದು, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಈ ಭಾಷಣದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ.

ಮೂರನೆಯದು, ಕರೆಂಟ್ ಹೋದರೆ, ನೆಟ್‌ವರ್ಕ್ ಹೋದರೆ ಏನು ಗತಿ?

ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕತ್ತಲಲ್ಲಿರುವ ನಮ್ಮ ಊರಿಗೆ ಇದು ಬಹಳ ಸರಿಯಾದ ಪ್ರಶ್ನೆ. ಇದಕ್ಕೆ ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. ಹಾಸನದಲ್ಲಿ 1982ರಲ್ಲಿ ಆರಂಭವಾದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ, ಎಂಸಿಎಫ್, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಗಳನ್ನು ನಡೆಸುತ್ತದೆ. ಒಂದರ್ಥದಲ್ಲಿ ಅದೂ ಮೊಬೈಲ್ ಸ್ಟಾರ್ಟರೇ, ದೂರ ಮಾತ್ರ ಹೆಚ್ಚು. ಆದರೆ ಏನಾದರೂ ಕೆಟ್ಟರೆ ಉಪಗ್ರಹ ತಾನೇ ಏನು ಮಾಡಬೇಕು, ಸೌರಫಲಕವನ್ನು ಸೂರ್ಯನ ಕಡೆಗೆ ಹೇಗೆ ಹಿಡಿದಿರಬೇಕು ಎಂಬುದನ್ನು ಮೊದಲೇ ಬರೆದಿಟ್ಟೇ ಮೇಲೆ ಕಳಿಸುತ್ತಾರೆ.

ಮನೆಗೂ ಇದೇ ನಿಯಮ. ಫೋನಿನಿಂದ ಹಾಕುವ ದೀಪಕ್ಕೆ ಗೋಡೆಯ ಮೇಲೆ ಮಾಮೂಲಿ ಸ್ವಿಚ್ಚೂ ಇರಲಿ. ಫೋನ್ ಬಳಸಲು ಬಾರದ ಅಜ್ಜಿಗೂ ರಾತ್ರಿ ದೀಪ ಬೇಕು. ಪಂಪಿಗೆ ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸುವ ವ್ಯವಸ್ಥೆ, ನೀರು ಬತ್ತಿದರೆ ನಿಲ್ಲಿಸುವ ವ್ಯವಸ್ಥೆ ಎರಡೂ ಇರಲಿ. ಸಿಡಿಲಿನ ಊರು ನಮ್ಮದು, ಅರ್ಥಿಂಗ್ ಸರಿಯಾಗಿರಲಿ. ಮನೆಗೆ ಕ್ಯಾಮೆರಾ ಹಾಕಿಸಿದರೆ ಅದರ ಜೊತೆ ಬಂದ ಪಾಸ್‌ವರ್ಡನ್ನು ಅದೇ ದಿನ ಬದಲಾಯಿಸಿ. ಇಲ್ಲದಿದ್ದರೆ ನಿಮ್ಮ ಅಂಗಳವನ್ನು ಬೇರೆಯವರೂ ನೋಡಬಹುದು.

ನಾಲ್ಕನೆಯದನ್ನು ಇಲ್ಲಿ ಎಲ್ಲರೂ ಕೇಳುತ್ತಾರೆ. ಇಷ್ಟೆಲ್ಲ ತಂತ್ರಜ್ಞಾನ ಇದ್ದರೂ ಆನೆ ಬರುವುದನ್ನು ಯಂತ್ರವೇ ಹೇಳಬಾರದೇಕೆ?

ಸ್ವಲ್ಪಮಟ್ಟಿಗೆ ಹೇಳುತ್ತಿದೆ. ಸಕಲೇಶಪುರ, ಆಲೂರು ಕಡೆ ಆನೆ ಇರುವ ಜಾಗದ ಸುದ್ದಿ ಫೋನಿಗೆ ಬರುತ್ತದೆ, ರಸ್ತೆ ಬದಿಯಲ್ಲಿ ಕೆಂಪು ದೀಪಗಳಿವೆ. ಅರಣ್ಯ ಇಲಾಖೆ ಮತ್ತು ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆ ಸೇರಿ ನಮ್ಮ ಜಿಲ್ಲೆಯಲ್ಲಿ ಇಂಥ ಮುನ್ನೆಚ್ಚರಿಕೆಯ ಕೆಲಸ ಮಾಡಿವೆ. ಆದರೆ ಆ ಕೆಂಪು ದೀಪ ಆನೆಯನ್ನು ತಾನೇ ನೋಡಿ ಹತ್ತುವುದಿಲ್ಲ. ಆನೆಯ ಜಾಡು ಹಿಡಿದು ನಡೆದ ಮನುಷ್ಯ ಫೋನ್ ಮಾಡಿದಾಗ ಹತ್ತುತ್ತದೆ. ಅಲ್ಲಿ ಕಣ್ಣು ಮನುಷ್ಯನದು, ಕೈ ಮಾತ್ರ ಯಂತ್ರದ್ದು. ಹೆಣ್ಣಾನೆಗಳ ಕೊರಳಿನ ರೇಡಿಯೋ ಕಾಲರ್ ಕೂಡ ಕ್ಷಣಕ್ಷಣದ ಸುದ್ದಿ ಕೊಡುವುದಿಲ್ಲ. ಬ್ಯಾಟರಿ ಉಳಿಯಲೆಂದು ಆಗಾಗ ಮಾತ್ರ ಜಾಗ ತಿಳಿಸುತ್ತದೆ. ಆ ಕಾಲರ್ ಹಾಕುವುದೂ ಸುಲಭವಲ್ಲ. 2023ರ ಡಿಸೆಂಬರ್ 4ರಂದು ಯಸಳೂರು ಭಾಗದಲ್ಲಿ ನಡೆದ ಕಾಡಾನೆ ಕಾರ್ಯಾಚರಣೆಯಲ್ಲೇ ದಸರಾ ಅಂಬಾರಿ ಹೊತ್ತಿದ್ದ ಅರ್ಜುನ ಜೀವ ಬಿಟ್ಟಿದ್ದು.

ಆದ್ದರಿಂದ ದೀಪ ಹತ್ತಿಲ್ಲ ಎಂದರೆ ಆನೆ ಇಲ್ಲ ಎಂದು ಅರ್ಥವಲ್ಲ, ಯಾರೂ ಇನ್ನೂ ನೋಡಿಲ್ಲ ಎಂದು ಅರ್ಥ. ದೀಪ ಹತ್ತಿದೆ ಎಂದರೆ ಒಬ್ಬ ಮನುಷ್ಯ ಕಾಡಿನ ಅಂಚಿನಲ್ಲಿ ನಿಂತು ನಮಗಾಗಿ ನೋಡಿದ್ದಾನೆ ಎಂದು ಅರ್ಥ. ಅದನ್ನು ಕಂಡೂ ಬೈಕ್ ನಿಲ್ಲಿಸದೆ ಹೋದರೆ ಯಾವ ತಂತ್ರಜ್ಞಾನವೂ ಕಾಪಾಡುವುದಿಲ್ಲ.

ಐದನೆಯದು, ಕೆಲಸ ಹೋಗುತ್ತದಾ?

ಒಂದೇ ಕೆಲಸ, ಒಂದೇ ಜಾಗ, ಒಂದೇ ಅಳತೆ ಇರುವಲ್ಲಿ ಯಂತ್ರ ಬೇಗ ಬರುತ್ತದೆ. ಬ್ರೆಜಿಲ್‌ನ ಸಮತಟ್ಟು ತೋಟಗಳಲ್ಲಿ ಯಂತ್ರವೇ ಕಾಫಿ ಕೊಯ್ಯುತ್ತದೆ. ನಮ್ಮ ಇಳಿಜಾರಿನಲ್ಲಿ, ನೆರಳು ಮರಗಳ ನಡುವೆ, ಒಂದೇ ಗೊಂಚಲಿನಲ್ಲಿ ಹಣ್ಣೂ ಕಾಯೂ ಇರುವಾಗ, ಹಣ್ಣನ್ನಷ್ಟೇ ಆರಿಸಿ ಕೀಳುವ ಬೆರಳಿಗೆ ಸಮನಾದ ಯಂತ್ರ ಮಾಡುವುದು ಬಹಳ ಕಷ್ಟ. ಆದರೆ ಕಳೆ ಹೊಡೆಯುವುದು, ನೀರು ಬಿಡುವುದು, ತೂಗುವುದು, ಲೆಕ್ಕ ಇಡುವುದು, ಇಲ್ಲೆಲ್ಲ ಬದಲಾವಣೆ ಬಂದೇ ಬರುತ್ತದೆ, ಈಗಾಗಲೇ ಬರುತ್ತಿದೆ. ಯಂತ್ರ ಬಂದ ಕಡೆ ಅದನ್ನು ಕೂರಿಸುವವರು, ರಿಪೇರಿ ಮಾಡುವವರು ಬೇಕಾಗುತ್ತಾರೆ. ಇಂದು ಸ್ಟಾರ್ಟರ್ ಪೆಟ್ಟಿಗೆ ಕೆಟ್ಟರೆ ಹಾಸನಕ್ಕೆ ಒಯ್ಯುವ ಬದಲು ಬಾಳ್ಳುಪೇಟೆಯಲ್ಲೇ ಸರಿಮಾಡುವ ಹುಡುಗನೋ ಹುಡುಗಿಯೋ ಇದ್ದರೆ ಅದೂ ಒಂದು ಒಳ್ಳೆಯ ಉದ್ಯೋಗ.

ಕೊನೆಯದು, ಮಕ್ಕಳು ಎಲ್ಲಿಂದ ಶುರು ಮಾಡಬೇಕು?

ದುಬಾರಿ ಕಿಟ್‌ನಿಂದ ಬೇಡ. ಒಂದು ಬ್ಯಾಟರಿ, ಒಂದು ಎಲ್‌ಇಡಿ, ಒಂದು ಸ್ವಿಚ್ ಸಾಕು. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ವಿದ್ಯುತ್ ಪಾಠವನ್ನು ಪರೀಕ್ಷೆಗಲ್ಲದೆ ಕೈಯಿಂದ ಮಾಡಿ ಕಲಿಯಿರಿ. ಆಮೇಲೆ ಆರ್ಡುಯಿನೋ ಎಂಬ ಸಣ್ಣ ಬೋರ್ಡ್ ಇದೆ. 2005ರಲ್ಲಿ ಇಟಲಿಯಲ್ಲಿ ವಿದ್ಯಾರ್ಥಿಗಳಿಗಾಗಿಯೇ ಮಾಡಿದ್ದು. ಅದಕ್ಕೆ ಮಣ್ಣಿನ ತೇವ ಅಳೆಯುವ ಸೆನ್ಸರ್ ಜೋಡಿಸಿ, ಮಣ್ಣು ಒಣಗಿದಾಗ ದೀಪ ಹತ್ತುವಂತೆ ಮಾಡಿ. ಕಣ್ಣು, ಬುದ್ಧಿ, ಕೈ ಮೂರೂ ಅದರಲ್ಲಿವೆ. ಮನೆಯ 230 ವೋಲ್ಟಿನ ಲೈನಿಗೆ ಮಾತ್ರ ದೊಡ್ಡವರಿಲ್ಲದೆ ಕೈ ಹಾಕಬೇಡಿ. 6ರಿಂದ 12ನೇ ತರಗತಿಯ ಮಕ್ಕಳಿಗಾಗಿ ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ ಇದೆ. ಅದಕ್ಕೆ ಸರ್ಕಾರಿ ಶಾಲೆಗಳೂ ಅರ್ಹ. ಅದು ಸಿಗುವವರೆಗೆ ಹಳೆಯ ವಿದ್ಯಾರ್ಥಿಗಳಾದ ನಾವು ಒಂದು ಕಪಾಟು, ಹತ್ತು ಬೋರ್ಡು, ರಜೆಗೆ ಊರಿಗೆ ಬಂದಾಗ ಎರಡು ಗಂಟೆ ಕೊಡುವುದು ದೊಡ್ಡ ಮಾತಲ್ಲ. ನನ್ನ ಪಾಲಿನ ಎರಡು ಗಂಟೆಗೆ ಮುಖ್ಯೋಪಾಧ್ಯಾಯರು ದಿನ ಗೊತ್ತು ಮಾಡಲಿ ಎಂದು ಕೇಳಿಕೊಳ್ಳುತ್ತೇನೆ.

ಯಾವ ಯಂತ್ರ ಮನೆಗೆ ಬಂದರೂ ಎರಡು ಪ್ರಶ್ನೆ ಕೇಳಿ. ಇದಕ್ಕೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ? ಇದು ಕೆಟ್ಟಾಗ ನಾನು ಏನು ಮಾಡಬೇಕು? ಈ ಎರಡಕ್ಕೆ ಉತ್ತರ ಗೊತ್ತಿದ್ದರೆ ಭಯವೂ ಬೇಡ, ಬೆರಗೂ ಬೇಡ.